ಗೊಟ್ಲಾಂಡ್ ಆಳದ ನೀರಿಗೆ ಒಂಬತ್ತು ದೇಶಗಳ ಅಳತೆ

ಬಾಲ್ಟಿಕ್ ಸಮುದ್ರದ ನೀರು ಅಳೆಯುವ ಹಡಗು ಜರ್ಮನಿಯ ರೊಸ್ಟಾಕ್ ಬಂದರು ಬಿಡುವುದಕ್ಕೆ ಆರು ತಿಂಗಳು ಮುಂಚೆಯೇ ನಮ್ಮ ಕೆಲಸ ಶುರುವಾಗಿತ್ತು. ಆಗ ಕೈಯಲ್ಲಿ ಇದ್ದದ್ದು ಬರೀ ಅರ್ಜಿಗಳು. ಬೇರೆ ದೇಶದ ಸಮುದ್ರ ವಲಯದಲ್ಲಿ ಸಂಶೋಧನೆಗೆ ನೀರು ಎತ್ತಬೇಕಾದರೆ ಆ ದೇಶ ಒಪ್ಪಬೇಕು. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಆರು ತಿಂಗಳು ಮೊದಲೇ ವಿವರ ಕೊಡಬೇಕು. ಯಾವ ಹಡಗು, ಯಾವ ತಾರೀಕು, ಯಾವ ಜಾಗ, ಯಾವ ಉಪಕರಣ ಇಳಿಸುತ್ತೀರಿ, ಎಲ್ಲವನ್ನೂ ಬರೆಯಬೇಕು. ನಮ್ಮ ದಾರಿ ಜರ್ಮನಿಯಿಂದ ಹೊರಟು ಡೆನ್ಮಾರ್ಕ್, ಪೋಲೆಂಡ್, ಸ್ವೀಡನ್, ಲಾಟ್ವಿಯಾಗಳ ವಲಯ ದಾಟುತ್ತಿತ್ತು. ಅರ್ಜಿ ವಿದೇಶಾಂಗ ಇಲಾಖೆಗೆ ಹೋಗುತ್ತದೆ, ಅಲ್ಲಿಂದ ರಾಯಭಾರ ಕಚೇರಿಗಳಿಗೆ. ಉತ್ತರವೂ ಅದೇ ದಾರಿಯಲ್ಲಿ ವಾಪಸ್ ಬರಬೇಕು.

ನಾನು ಬಾಲ್ಟಿಕ್ ಸಮುದ್ರದ ನೀರಿನ ಗುಣ ಅಳೆಯುವ ತಂಡದಲ್ಲಿ ಸಂಶೋಧನಾ ಸಹಾಯಕಿಯಾಗಿ ಸೇರಿದ್ದೆ. ಒಂದು ಬಾಟಲಿ ನೀರು ಸಮುದ್ರದ ತಳದಿಂದ ಹೊರಟು ಸಭೆಯ ಮೇಜಿನ ಮೇಲಿನ ಒಂದು ಅಂಕಿಯಾಗುವ ತನಕ ಪೂರ್ತಿ ದಾರಿಯನ್ನು ಹಿಂಬಾಲಿಸುವ ಅವಕಾಶ ಸಿಕ್ಕಿತು. ಒಂದು ಸಮುದ್ರವನ್ನು ಹಲವು ದೇಶಗಳು ಸೇರಿ ಕಾಯುವುದು ಅಂದರೆ ದಿನನಿತ್ಯದಲ್ಲಿ ಏನು ಅನ್ನುವುದು ನನಗೆ ಅರ್ಥವಾದದ್ದು ಆ ದಾರಿಯಲ್ಲೇ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಸಮುದ್ರದ ಸ್ವಭಾವ ಸ್ವಲ್ಪ ಹೇಳಬೇಕು. ಬಾಲ್ಟಿಕ್ ಬಾಯಿ ಕಿರಿದಾದ ಕೊಡದ ಹಾಗೆ. ಉತ್ತರ ಸಮುದ್ರದ ಉಪ್ಪು ನೀರು ಒಳಗೆ ಬರಬೇಕಾದರೆ ಡೆನ್ಮಾರ್ಕ್ ಸುತ್ತಲಿನ ಜಲಸಂಧಿಗಳನ್ನು ದಾಟಬೇಕು. ಅಲ್ಲಿ ತಳವೇ ಎದ್ದು ನಿಂತಿದೆ. ಡಾರ್ಸ್ ದಿಬ್ಬದ ಮೇಲೆ ನೀರು ಸುಮಾರು 18 ಮೀಟರ್, ಡ್ರೊಗ್ಡೆನ್ ದಿಬ್ಬದ ಮೇಲೆ ಸುಮಾರು 8 ಮೀಟರ್ ಅಷ್ಟೇ. ಇನ್ನೊಂದು ಕಡೆ ನದಿಗಳು ಸಿಹಿನೀರು ಸುರಿಯುತ್ತಲೇ ಇರುತ್ತವೆ. ಹಾಗಾಗಿ ಮಹಾಸಾಗರದಲ್ಲಿ ಕೆಜಿಗೆ 35 ಗ್ರಾಂ ಉಪ್ಪಿದ್ದರೆ ಬಾಲ್ಟಿಕ್ ನಡುವಿನ ಮೇಲ್ಮೈ ನೀರಿನಲ್ಲಿ ಸುಮಾರು 7 ಗ್ರಾಂ. ಉತ್ತರದ ಬೊತ್ನಿಯಾ ಕೊಲ್ಲಿಯ ತುದಿಯಲ್ಲಿ ಇನ್ನೂ ಕಡಿಮೆ. ಒಳಗಿನ ನೀರು ಪೂರ್ತಿ ಬದಲಾಗಲು ಸುಮಾರು 30 ವರ್ಷ ಬೇಕು. ದಡದಲ್ಲಿರುವುದು ಒಂಬತ್ತು ದೇಶ. ಆದರೆ ನದಿಗಳ ಮೂಲಕ ನೀರು ಹರಿದು ಬರುವುದು ಹದಿನಾಲ್ಕು ದೇಶಗಳಿಂದ, ಸುಮಾರು ಎಂಟೂವರೆ ಕೋಟಿ ಜನ ಇರುವ ನೆಲದಿಂದ. ಅವರ ಹೊಲದ ಗೊಬ್ಬರ, ಊರಿನ ಚರಂಡಿ, ಕಾರ್ಖಾನೆಯ ಹೊಗೆ, ಎಲ್ಲದರ ಪಾಲು ಇಲ್ಲಿಗೇ ಬರುತ್ತದೆ. ಬಂದದ್ದು ಬೇಗ ಹೊರಗೆ ಹೋಗುವುದಿಲ್ಲ.

ನಾವು ಹೊರಟದ್ದು ಫೆಬ್ರವರಿಯಲ್ಲಿ. ಅಷ್ಟು ಚಳಿಯಲ್ಲಿ ಯಾಕೆ ಅಂತ ಕೇಳಿದವರು ಬಹಳ ಜನ. ಕಾರಣ ಸರಳ. ಚಳಿಗಾಲದಲ್ಲಿ ಪಾಚಿ ಬೆಳೆಯುವುದು ಹೆಚ್ಚುಕಮ್ಮಿ ನಿಂತಿರುತ್ತದೆ. ನೀರಿನಲ್ಲಿ ಕರಗಿರುವ ನೈಟ್ರೇಟ್, ಫಾಸ್ಫೇಟ್ ಯಾರೂ ತಿನ್ನದೆ ಹಾಗೇ ಉಳಿದಿರುತ್ತವೆ. ಮುಂದಿನ ವಸಂತಕ್ಕೆ ಎಷ್ಟು ಆಹಾರ ಕಾದಿದೆ ಅನ್ನುವುದು ಆಗ ಮಾತ್ರ ಸರಿಯಾಗಿ ಗೊತ್ತಾಗುತ್ತದೆ. ಮಾರ್ಚ್ ಬಂದು ಬಿಸಿಲು ಏರಿದರೆ ಪಾಚಿ ಎದ್ದು ಆ ಲೆಕ್ಕವನ್ನೇ ತಿಂದುಬಿಡುತ್ತದೆ. ಅದಕ್ಕೇ ಗಾಳಿ, ಹಿಮ ಏನಿದ್ದರೂ ಫೆಬ್ರವರಿ ತಪ್ಪಿಸುವ ಹಾಗಿಲ್ಲ.

ಹಡಗಿನಲ್ಲಿ ಹಗಲು ರಾತ್ರಿ ಪಾಳಿ. ನಿಲ್ದಾಣ ಬಂತು ಅಂದರೆ ಎಂಜಿನ್ ತಗ್ಗುತ್ತದೆ. ಸಿಟಿಡಿ ಅನ್ನುವ ಉಪಕರಣವನ್ನು ಕ್ರೇನ್ ನೀರಿಗೆ ಇಳಿಸುತ್ತದೆ. ಅದು ಇಳಿಯುತ್ತಾ ಉಪ್ಪಿನಂಶ, ಬಿಸಿ, ಆಳ ಮೂರನ್ನೂ ಅಳೆಯುತ್ತದೆ. ಅದರ ಸುತ್ತ ವೃತ್ತಾಕಾರವಾಗಿ ನಿಸ್ಕಿನ್ ಬಾಟಲಿಗಳು, ಎರಡೂ ಕಡೆ ಬಾಯಿ ತೆರೆದು ನಿಂತಿರುತ್ತವೆ. ಮೇಲೆ ಬರುವಾಗ ಬೇಕಾದ ಆಳದಲ್ಲಿ ಒಂದೊಂದನ್ನೇ ಕಂಪ್ಯೂಟರಿನಿಂದ ಮುಚ್ಚುತ್ತಾರೆ. ಆ ಆಳದ ನೀರು ಅದರೊಳಗೆ ಸಿಕ್ಕಿಕೊಳ್ಳುತ್ತದೆ.

ಉಪಕರಣ ಡೆಕ್ಕಿಗೆ ಬಂದ ಮೇಲೆ ಒಂದು ಕಟ್ಟುನಿಟ್ಟಾದ ಕ್ರಮ ಇದೆ. ಮೊದಲು ಆಮ್ಲಜನಕ. ಬೇರೆ ಏನನ್ನೂ ಮುಟ್ಟುವ ಹಾಗಿಲ್ಲ. ನಿಸ್ಕಿನ್ ಬಾಟಲಿಯ ನಲ್ಲಿಗೆ ಸಣ್ಣ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಗಾಜಿನ ಶೀಶೆಯ ತಳಕ್ಕೆ ಮುಟ್ಟಿಸಿ, ನೀರು ತುಂಬಿ ಹೊರಗೆ ಚೆಲ್ಲುವ ತನಕ ಬಿಡಬೇಕು. ಒಂದೇ ಒಂದು ಗಾಳಿಗುಳ್ಳೆ ಉಳಿದರೂ ಹೊರಗಿನ ಆಮ್ಲಜನಕ ಸೇರಿ ಅಳತೆ ಕೆಡುತ್ತದೆ. ಆಮೇಲೆ ಮ್ಯಾಂಗನೀಸ್ ದ್ರಾವಣ, ಕ್ಷಾರ ಬೆರೆಸಿದ ಅಯೋಡೈಡ್ ದ್ರಾವಣ. ಮುಚ್ಚಿ ಅಲ್ಲಾಡಿಸಿದರೆ ಶೀಶೆಯೊಳಗೆ ಗಸಿ ಕಟ್ಟುತ್ತದೆ. ಆಮ್ಲಜನಕ ಇದ್ದರೆ ಗಸಿ ಕಂದು ಬಣ್ಣ. ಇಲ್ಲದಿದ್ದರೆ ಬಿಳಿ. ನಂತರ ಆಮ್ಲ ಹಾಕಿ, ಥಯೊಸಲ್ಫೇಟ್ ಹನಿ ಹನಿಯಾಗಿ ಬಿಟ್ಟು ಟೈಟ್ರೇಶನ್ ಮಾಡಿ ಎಷ್ಟಿತ್ತು ಅಂತ ಲೆಕ್ಕ ಹಾಕುತ್ತಾರೆ. ವಿಂಕ್ಲರ್ ಅನ್ನುವವರು 1888ರಲ್ಲಿ ಪ್ರಕಟಿಸಿದ ವಿಧಾನ ಇದು. ಇವತ್ತಿಗೂ ಸೆನ್ಸರುಗಳನ್ನು ಸರಿಯಿದೆಯಾ ಅಂತ ನೋಡುವುದು ಇದರಿಂದಲೇ.

ಡೆನ್ಮಾರ್ಕಿನ ಬೊರ್ನ್‌ಹೋಮ್ ದ್ವೀಪದ ಹತ್ತಿರದ ಆಳವಾದ ಜಾಗ, ಅಂದರೆ ಬೊರ್ನ್‌ಹೋಮ್ ಆಳದ ತನಕ ಗಸಿ ಕಂದಾಗಿಯೇ ಬರುತ್ತಿತ್ತು, ತಳದ ಹತ್ತಿರ ಮಾತ್ರ ತೆಳು. ಗೊಟ್ಲಾಂಡ್ ಆಳಕ್ಕೆ ಬಂದಾಗ ಚಿತ್ರವೇ ಬೇರೆಯಾಯಿತು. ಸ್ವೀಡನ್ನಿನ ಗೊಟ್ಲಾಂಡ್ ದ್ವೀಪದ ಪೂರ್ವಕ್ಕಿರುವ ಈ ಜಾಗದಲ್ಲಿ ನೀರು ಸುಮಾರು 240 ಮೀಟರ್ ಆಳ. ಸ್ವೀಡನ್ನಿನವರು ಇದನ್ನು ಬಿವೈ 15 ಅನ್ನುತ್ತಾರೆ, ಜರ್ಮನಿಯವರು ಟಿಎಫ್ 271. ಹಲವು ದೇಶಗಳ ಹಡಗುಗಳು ದಶಕಗಳಿಂದ ಇಲ್ಲಿಗೇ ಬಂದು ನೀರು ತೆಗೆಯುತ್ತಿವೆ. ಕೆಳಗಿನ ಬಾಟಲಿಯ ನಲ್ಲಿ ತಿರುಗಿಸಿದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯಿತು. ಹೈಡ್ರೋಜನ್ ಸಲ್ಫೈಡ್. ಅಲ್ಲಿ ಆಮ್ಲಜನಕ ಇಲ್ಲ ಅನ್ನುವುದಷ್ಟೇ ಅಲ್ಲ, ಮೀನು, ಹುಳ, ಚಿಪ್ಪುಜೀವಿ ಯಾವುದಕ್ಕೂ ಅದು ವಿಷ. ಪಕ್ಕದಲ್ಲಿದ್ದ ಹಿರಿಯ ತಂತ್ರಜ್ಞೆ, "ಕಿಟಕಿ ತೆಗೆಯಿರಿ, ವಿಂಕ್ಲರ್ ಶೀಶೆ ಇಲ್ಲಿಗೆ ಸಾಕು, ಇನ್ನು ಸಲ್ಫೈಡ್ ಶೀಶೆ ಕೊಡಿ" ಅಂದರು. ಅವರ ದನಿಯಲ್ಲಿ ಯಾವ ಆಶ್ಚರ್ಯವೂ ಇರಲಿಲ್ಲ. ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟವಾಯಿತು. ಓದಿ ತಿಳಿದದ್ದು ಬೇರೆ, ಒಂದು ಸಮುದ್ರದ ತಳ ಸತ್ತಿದೆ ಅಂತ ಮೂಗಿಗೇ ಗೊತ್ತಾಗುವುದು ಬೇರೆ.

ಇದು ಹೇಗಾಗುತ್ತದೆ ಅಂದರೆ, ಮೇಲಿನ ಹಗುರ ನೀರು ಮತ್ತು ಕೆಳಗಿನ ಉಪ್ಪು ಜಾಸ್ತಿ ಇರುವ ಭಾರದ ನೀರು ಒಂದಕ್ಕೊಂದು ಬೆರೆಯುವುದಿಲ್ಲ. ಮೇಲೆ ಗೊಬ್ಬರದ ಅಂಶ ಜಾಸ್ತಿಯಾದರೆ ಪಾಚಿ ಜಾಸ್ತಿ. ಸತ್ತ ಪಾಚಿ ಕೆಳಗೆ ಬಿದ್ದು ಕೊಳೆಯುವಾಗ ಅಲ್ಲಿದ್ದ ಆಮ್ಲಜನಕ ಖಾಲಿ. ಆಮ್ಲಜನಕ ಹೋದ ಮೇಲೆ ತಳದ ಮಣ್ಣಿನಲ್ಲಿ ಕಬ್ಬಿಣದ ಜೊತೆ ಅಂಟಿಕೊಂಡಿದ್ದ ಫಾಸ್ಫೇಟ್ ಬಿಟ್ಟುಕೊಂಡು ನೀರಿಗೆ ಬರುತ್ತದೆ. ಅದು ಮತ್ತೆ ಮೇಲೆ ಬಂದರೆ ಬೇಸಿಗೆಯಲ್ಲಿ ಸಯನೋಬ್ಯಾಕ್ಟೀರಿಯಾಗಳಿಗೆ ಹಬ್ಬ. ಗಾಳಿಯ ನೈಟ್ರೋಜನ್ನನ್ನೇ ಹಿಡಿದು ಬಳಸಬಲ್ಲ ಜೀವಿಗಳು ಅವು. ಅವುಗಳಲ್ಲಿ ನೊಡುಲೇರಿಯಾ ಅನ್ನುವುದು ವಿಷಕಾರಿ. ಜುಲೈ ಹೊತ್ತಿಗೆ ಅದರ ಹಳದಿ-ಹಸಿರು ಕೆನೆ ಉಪಗ್ರಹದ ಚಿತ್ರದಲ್ಲೂ ಕಾಣುತ್ತದೆ. ಅಂದರೆ ಹಳೆಯ ಗೊಬ್ಬರವೇ ಹೊಸ ತೊಂದರೆಗೆ ಬಡ್ಡಿ ಕಟ್ಟುತ್ತಾ ಹೋಗುತ್ತದೆ. ಇವತ್ತು ನಿಲ್ಲಿಸಿದರೆ ನಾಳೆ ಸರಿಯಾಗುವ ಸಮುದ್ರ ಇದಲ್ಲ.

ತಳಕ್ಕೆ ಹೊಸ ಉಸಿರು ಸಿಗುವುದು ಅಪರೂಪಕ್ಕೆ. ಗಾಳಿ ಸರಿಯಾದ ದಿಕ್ಕಿನಲ್ಲಿ, ಸಾಕಷ್ಟು ದಿನ ಬೀಸಿದರೆ ಉತ್ತರ ಸಮುದ್ರದ ಉಪ್ಪು ನೀರು ದಿಬ್ಬ ದಾಟಿ ಒಳನುಗ್ಗುತ್ತದೆ. 2014ರ ಡಿಸೆಂಬರಿನಲ್ಲಿ ಹಾಗಾಯಿತು. ಸುಮಾರು 198 ಘನ ಕಿಲೋಮೀಟರ್ ಉಪ್ಪು ನೀರು, ಅದರ ಜೊತೆ ಸುಮಾರು 400 ಕೋಟಿ ಟನ್ ಉಪ್ಪು. 1880ರಿಂದ ಲೆಕ್ಕಕ್ಕೆ ಸಿಕ್ಕಿರುವ ನುಗ್ಗುಗಳಲ್ಲಿ ಇದು ಮೂರನೆಯ ಅತಿ ದೊಡ್ಡದು. 2015ರ ವಸಂತದ ಹೊತ್ತಿಗೆ ಆ ನೀರು ಗೊಟ್ಲಾಂಡ್ ಆಳ ಮುಟ್ಟಿ ಅಲ್ಲಿನ ಸಲ್ಫೈಡನ್ನು ಅಳಿಸಿಹಾಕಿತು. ಆದರೆ ಆ ಆಮ್ಲಜನಕ ಬಹಳ ಕಾಲ ಉಳಿಯಲಿಲ್ಲ. ವಾಸನೆ ಮತ್ತೆ ಬಂತು. ಈ ಕಥೆ ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾದದ್ದು ಒಂದೇ ಜಾಗದಲ್ಲಿ, ಒಂದೇ ಕ್ರಮದಲ್ಲಿ, ಬೇರೆ ಬೇರೆ ಬಾವುಟದ ಹಡಗುಗಳು ಬಿಡದೆ ಅಳೆದದ್ದರಿಂದ. ಯಾವ ಒಂದು ದೇಶಕ್ಕೂ ಒಬ್ಬಂಟಿಯಾಗಿ ಇದು ಆಗುತ್ತಿರಲಿಲ್ಲ.

ಈ ಬಿಡದೆ ಅಳೆಯುವುದರ ಹಿಂದೆ ಹೆಲ್ಕಾಮ್ ಇದೆ, ಅಂದರೆ ಹೆಲ್ಸಿಂಕಿ ಆಯೋಗ. ಬಾಲ್ಟಿಕ್ ಸಮುದ್ರವನ್ನು ಕಾಪಾಡುವ ಒಪ್ಪಂದಕ್ಕೆ 1974ರಲ್ಲಿ ಹೆಲ್ಸಿಂಕಿಯಲ್ಲಿ ಏಳು ದೇಶಗಳು ಸಹಿ ಹಾಕಿದವು: ಡೆನ್ಮಾರ್ಕ್, ಫಿನ್‌ಲ್ಯಾಂಡ್, ಸ್ವೀಡನ್, ಪೋಲೆಂಡ್, ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ, ಪಶ್ಚಿಮ ಜರ್ಮನಿ. ಶೀತಲ ಸಮರದ ನಡುವೆ ಎರಡು ಜರ್ಮನಿಗಳು ಒಂದೇ ಕಾಗದಕ್ಕೆ ಸಹಿ ಹಾಕಿದ್ದು ಸಣ್ಣ ಮಾತಲ್ಲ. ಒಪ್ಪಂದ ಜಾರಿಗೆ ಬಂದದ್ದು 1980ರಲ್ಲಿ. ಮೊದಲ ಒಪ್ಪಂದ ದೇಶಗಳ ಒಳ ಜಲಭಾಗವನ್ನು ಹೊರಗೇ ಬಿಟ್ಟಿತ್ತು. 1992ರ ಹೊಸ ಒಪ್ಪಂದ ಅದನ್ನೂ ಸೇರಿಸಿಕೊಂಡು, ನದಿಗಳು ಹರಿದು ಬರುವ ನೆಲದ ಮಾಲಿನ್ಯಕ್ಕೂ ಕೈ ಹಾಕಿತು. ಅದು 2000ದಲ್ಲಿ ಜಾರಿಯಾಯಿತು. ಈಗ ಒಂಬತ್ತು ದಡದ ದೇಶಗಳು ಮತ್ತು ಐರೋಪ್ಯ ಒಕ್ಕೂಟ ಸೇರಿ ಹತ್ತು ಸದಸ್ಯರು. ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ಮತ ಎಣಿಸಿ ಗೆಲ್ಲುವ ಪದ್ಧತಿ ಅಲ್ಲಿಲ್ಲ.

ದಡಕ್ಕೆ ಬಂದ ಮೇಲಿನ ಕೆಲಸದ ಬಗ್ಗೆ ಯಾರೂ ಅಷ್ಟಾಗಿ ಬರೆಯುವುದಿಲ್ಲ. ನನ್ನ ಮಟ್ಟಿಗೆ ಸಹಕಾರದ ಜೀವಾಳ ಅಲ್ಲೇ ಇದೆ. ಆಮ್ಲಜನಕದ ಅಳತೆಯನ್ನೇ ತಗೊಳ್ಳಿ. ಒಬ್ಬರು ಲೀಟರಿಗೆ ಮಿಲಿಲೀಟರ್ ಅಂತ ಬರೆಯುತ್ತಾರೆ, ಇನ್ನೊಬ್ಬರು ಮಿಲಿಗ್ರಾಂ, ಮತ್ತೊಬ್ಬರು ಮೈಕ್ರೋಮೋಲ್. ಒಂದು ಮಿಲಿಲೀಟರ್ ಅಂದರೆ 1.43 ಮಿಲಿಗ್ರಾಂ, ಅಥವಾ ಸುಮಾರು 44.7 ಮೈಕ್ರೋಮೋಲ್. ಲೀಟರಿಗೆ 2 ಮಿಲಿಲೀಟರಿಗಿಂತ ಕಡಿಮೆಯಾದರೆ ತಳದ ಜೀವಿಗಳಿಗೆ ಉಸಿರು ಕಟ್ಟುತ್ತದೆ ಅಂತ ಲೆಕ್ಕ. ಅಳತೆಯ ಮಾನ ಬರೆಯದೆ ಬರೀ 2 ಅಂತ ಕಳಿಸಿದರೆ ಅದು ಯಾವ 2? ಸಲ್ಫೈಡ್ ಇರುವ ಕಡೆ ಇನ್ನೊಂದು ಒಪ್ಪಂದ: ಅದನ್ನು ಪೂರ್ತಿ ಸುಡಲು ಎಷ್ಟು ಆಮ್ಲಜನಕ ಬೇಕೋ ಅಷ್ಟನ್ನು ಋಣ ಸಂಖ್ಯೆಯಾಗಿ ಬರೆಯುವುದು. ಗೊಟ್ಲಾಂಡ್ ಆಳದ ಪಟ್ಟಿಯಲ್ಲಿ ಸೊನ್ನೆಗಿಂತ ಕೆಳಗಿನ ಆಮ್ಲಜನಕ ಕಾಣುವುದು ಅದಕ್ಕೇ.

ಒಂದು ಪ್ರಯೋಗಾಲಯ ಕೊಟ್ಟ ಅಂಕಿಯನ್ನು ಬೇರೆ ದೇಶ ಯಾಕೆ ನಂಬಬೇಕು? ಅದಕ್ಕೆ ಕುರುಡು ಪರೀಕ್ಷೆ ಇದೆ. ನೆದರ್ಲೆಂಡ್ಸಿನಿಂದ ನಡೆಯುವ ಕ್ವಾಸಿಮೀಮ್ ಅನ್ನುವ ವ್ಯವಸ್ಥೆ ಒಂದೇ ನೀರಿನ ಮಾದರಿಯನ್ನು ಹಲವು ದೇಶಗಳ ಪ್ರಯೋಗಾಲಯಗಳಿಗೆ ಕಳಿಸುತ್ತದೆ. ಒಳಗೆ ಎಷ್ಟು ಫಾಸ್ಫೇಟ್, ಎಷ್ಟು ನೈಟ್ರೇಟ್ ಇದೆ ಅಂತ ಯಾರಿಗೂ ಹೇಳುವುದಿಲ್ಲ. ನಾವು ಅಳೆದು ಕಳಿಸಬೇಕು. ವಾಪಸ್ ಬರುವುದು ಝಡ್ ಅಂಕ, ಅಂದರೆ ನಮ್ಮ ಅಳತೆ ಸರಿಯಾದ ಅಂಕಿಯಿಂದ ಎಷ್ಟು ದೂರ ಇದೆ ಅನ್ನುವ ಲೆಕ್ಕ. ಅದು 2ರ ಒಳಗಿದ್ದರೆ ಸರಿ. 2 ಮತ್ತು 3ರ ನಡುವೆ ಇದ್ದರೆ ಅನುಮಾನ. 3 ದಾಟಿದರೆ ನಿಮ್ಮ ಕೆಲಸ ಒಪ್ಪುವಂತಿಲ್ಲ. ಆ ಪಟ್ಟಿ ಬರುವ ದಿನ ಪ್ರಯೋಗಾಲಯದಲ್ಲಿ ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ. ವರ್ಷಾನುಗಟ್ಟಲೆ ಅನುಭವ ಇರುವವರೂ ಪರೀಕ್ಷೆ ಬರೆದ ಮಕ್ಕಳಂತೆ ಪರದೆ ನೋಡುತ್ತಿದ್ದರು. ನಮ್ಮ ಅಂಕಗಳೆಲ್ಲ 2ರ ಒಳಗಿದ್ದವು. ಆವತ್ತು ನನಗಾದ ಸಮಾಧಾನ ಹೇಳತೀರದು.

ಪಾಚಿ ಎಣಿಸುವವರದು ಇದಕ್ಕಿಂತ ಕಷ್ಟ. ಅಯೋಡಿನ್ ಹಾಕಿ ಕಾಪಾಡಿದ ನೀರನ್ನು ಸಣ್ಣ ಪಾತ್ರೆಯಲ್ಲಿ ಅಲ್ಲಾಡಿಸದೆ ಬಿಟ್ಟು, ತಳಕ್ಕೆ ಕೂತ ಜೀವಕೋಶಗಳನ್ನು ಕೆಳಗಿನಿಂದ ನೋಡುವ ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಬೇಕು. ಯಂತ್ರಕ್ಕೆ ಗೊತ್ತಾಗದ ಜಾತಿಯನ್ನು ಕಣ್ಣೇ ಹೇಳಬೇಕು. ಅದಕ್ಕೇ ಹೆಲ್ಕಾಮ್‌ನಲ್ಲಿ ಪಾಚಿ ತಜ್ಞರ ಒಂದು ಗುಂಪಿದೆ. ಯಾವ ಜಾತಿಗೆ ಯಾವ ಆಕಾರ, ಯಾವ ಗಾತ್ರ ಅನ್ನುವ ಒಂದೇ ಪಟ್ಟಿಯನ್ನು ಎಲ್ಲರೂ ಬಳಸುತ್ತಾರೆ. ದೇಶದೇಶಗಳ ಕಣ್ಣುಗಳು ಒಂದೇ ರೀತಿ ಎಣಿಸಲು ಕಲಿಯುವುದು ಎಷ್ಟು ದೊಡ್ಡ ವಿಷಯ, ಅಲ್ವಾ?

ಆಮೇಲೆ ಅಂಕಿಗಳು ಕೋಪನ್‌ಹೇಗನ್ನಿಗೆ ಹೋಗುತ್ತವೆ. ಅಲ್ಲಿ 1902ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಸಮುದ್ರ ಪರಿಶೋಧನಾ ಮಂಡಳಿ, ಅಂದರೆ ಐಸಿಇಎಸ್ ಇದೆ. ಹೆಲ್ಕಾಮ್ ದೇಶಗಳು ತಮ್ಮ ಸಮುದ್ರದ ಅಳತೆಗಳನ್ನು ಅಲ್ಲಿನ ದತ್ತಾಂಶ ಕೇಂದ್ರದಲ್ಲಿ ಇಡುತ್ತವೆ. ಕಡತ ಸುಮ್ನೆ ಕಳಿಸಿದರೆ ತಗೊಳ್ಳುವುದಿಲ್ಲ. ಅದನ್ನು ಒಂದು ತಪಾಸಣೆ ಪ್ರೋಗ್ರಾಂ ಸಾಲು ಸಾಲಾಗಿ ನೋಡುತ್ತದೆ. ನಿಲ್ದಾಣದ ಸಂಕೇತ, ಅಳತೆಯ ಮಾನ, ವಿಧಾನದ ಸಂಕೇತ, ಉಪಕರಣಕ್ಕೆ ಹಿಡಿಯಲಾಗದಷ್ಟು ಕಡಿಮೆ ಇದ್ದದ್ದಕ್ಕೆ ಹಾಕುವ ಗುರುತು, ಎಲ್ಲ ಸರಿಯಿರಬೇಕು. ತಪ್ಪುಗಳ ಪಟ್ಟಿ ಬರುತ್ತದೆ, ತಿದ್ದಿ ಕಳಿಸುತ್ತೇವೆ, ಇನ್ನೊಂದು ಪಟ್ಟಿ ಬರುತ್ತದೆ. ಬೇಸರದ ಕೆಲಸ, ನಿಜ. ಆದರೆ ಇಪ್ಪತ್ತು ವರ್ಷದ ನಂತರ ಯಾರೋ ಈ ಅಂಕಿ ತೆಗೆದು ನೋಡಿದಾಗ ಅವರಿಗೆ ಕೇಳಲು ನಾವು ಸಿಗುವುದಿಲ್ಲ. ಅಂಕಿಯೇ ತನ್ನ ಹುಟ್ಟಿನ ಕಥೆ ಹೇಳಬೇಕು.

ಮುಂದಿನ ಹಂತ ತಜ್ಞರ ಸಭೆ. ನಾನು ಹೋದದ್ದು ನಮ್ಮ ತಂಡದ ಮುಖ್ಯಸ್ಥರಿಗೆ ಪಟ್ಟಿ, ನಕ್ಷೆ ಒದಗಿಸಲು. ಸಮುದ್ರವನ್ನು ಭಾಗಗಳಾಗಿ ಹಂಚಿದ್ದಾರೆ. ಪ್ರತಿ ಭಾಗಕ್ಕೂ ಚಳಿಗಾಲದ ಫಾಸ್ಫೇಟ್ ಎಷ್ಟಿರಬಹುದು, ಬೇಸಿಗೆಯಲ್ಲಿ ಪಾಚಿಯ ಹಸಿರು ಎಷ್ಟಿರಬಹುದು, ನೀರಿನಲ್ಲಿ ಎಷ್ಟು ಆಳದ ತನಕ ಕಾಣಬೇಕು ಅಂತ ಗಡಿರೇಖೆ ಇದೆ. ಗುಂಪು ಗುಂಪಾಗಿ ಅಂಕಿಗಳನ್ನು ಸೇರಿಸಿ, ಅತಿ ಕೆಟ್ಟ ಗುಂಪು ಯಾವುದೋ ಅದನ್ನೇ ಆ ಭಾಗದ ಸ್ಥಿತಿ ಅಂತ ಹೇಳುತ್ತಾರೆ. ಇದು ಕಠಿಣ ಅನಿಸಬಹುದು. ನನಗೆ ಸರಿ ಅನಿಸಿತು. ಮೇಲೆ ತಿಳಿನೀರಿದ್ದು ತಳದಲ್ಲಿ ಸಲ್ಫೈಡ್ ಇದ್ದರೆ ಸರಾಸರಿ ತೆಗೆದು ಚೆನ್ನಾಗಿದೆ ಅನ್ನಲು ಆಗುವುದಿಲ್ಲ.

ಆ ಸಭೆಯಲ್ಲಿ ಒಂದು ಗಡಿರೇಖೆಯ ಮೇಲೆ ಒಂದು ದೇಶದ ಪ್ರತಿನಿಧಿ ತಡೆ ಹಾಕಿದರು. "ನಾವು ಮನೆಗೆ ಹೋಗಿ ಓದಿ ನೋಡುತ್ತೇವೆ, ಇಂಥ ತಾರೀಕಿನೊಳಗೆ ಹೇಳುತ್ತೇವೆ" ಅನ್ನುವ ತಡೆ ಅದು, ಅಲ್ಲಿ ಮಾಮೂಲಿ ಪದ್ಧತಿ. ಅವರನ್ನು ಅಡ್ಡಗಾಲು ಹಾಕುವವರು ಅಂತ ನೋಡುವುದು ಸುಲಭ. ಆದರೆ ಆ ಅಂಕಿಯ ಭಾರ ಎಷ್ಟಿದೆ ನೋಡಿ. ಗಡಿರೇಖೆಯಿಂದ ಇಡೀ ಸಮುದ್ರಕ್ಕೆ ವರ್ಷಕ್ಕೆ ಎಷ್ಟು ಬರಬಹುದು ಅನ್ನುವ ಮಿತಿ ಹುಟ್ಟುತ್ತದೆ: ನೈಟ್ರೋಜನ್ ಸುಮಾರು 7 ಲಕ್ಷ 92 ಸಾವಿರ ಟನ್, ಫಾಸ್ಫರಸ್ ಸುಮಾರು 21,700 ಟನ್. ಅದನ್ನು ದೇಶಗಳಿಗೆ ಹಂಚುತ್ತಾರೆ. ದೇಶದೊಳಗೆ ಅದು ಚರಂಡಿ ಶುದ್ಧೀಕರಣ ಘಟಕದ ಖರ್ಚಾಗುತ್ತದೆ, ರೈತರ ಗೊಬ್ಬರದ ನಿಯಮವಾಗುತ್ತದೆ. ಹೆಲ್ಕಾಮ್ ಶಿಫಾರಸು ಮಾಡಬಹುದೇ ಹೊರತು ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಹಾಗಿರುವಾಗ ಮನಸ್ಸಿಲ್ಲದೆ ಒಪ್ಪಿಸಿದ ಅಂಕಿಯಿಂದ ಯಾವ ನದಿಯೂ ಶುದ್ಧವಾಗುವುದಿಲ್ಲ. ಆ ದೇಶದವರು ಹೇಳಿದ ತಾರೀಕಿನೊಳಗೇ ಪ್ರಶ್ನೆಗಳನ್ನು ಕಳಿಸಿದರು. ಯಾವ ವರ್ಷಗಳ ಅಂಕಿ ಬಳಸಿದಿರಿ, ಕರಾವಳಿಯ ನಿಲ್ದಾಣ ಯಾಕೆ ಬಿಟ್ಟಿರಿ ಅಂತ. ನಾವು ಪಟ್ಟಿ ಸಮೇತ ಉತ್ತರಿಸಿದೆವು. ಒಂದು ಅಡಿಟಿಪ್ಪಣಿ ಸೇರಿತು, ತಡೆ ಹೋಯಿತು. ಪ್ರಶ್ನೆ ಕೇಳಿದ್ದರಿಂದ ವರದಿ ಇನ್ನೂ ಗಟ್ಟಿಯಾಯಿತು ಅಂತಲೇ ನನ್ನ ಅಭಿಪ್ರಾಯ.

ನೋವಿನ ವಿಷಯವೂ ಇದೆ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋದ ಮೇಲೆ ಹೆಲ್ಕಾಮ್‌ನ ಅಧಿಕೃತ ಸಭೆಗಳು ನಿಂತವು. ಉಳಿದ ಸದಸ್ಯರು ಅನೌಪಚಾರಿಕವಾಗಿ ಸೇರಿ ಕೆಲಸ ಮುಂದುವರಿಸಿದರು. ಫಿನ್‌ಲ್ಯಾಂಡ್ ಕೊಲ್ಲಿಯ ಪೂರ್ವ ತುದಿಗೆ ನೇವಾ ನದಿ ಸೇರುತ್ತದೆ, ದಡದಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಅನ್ನುವ ಮಹಾನಗರ. 2014ನ್ನು ಫಿನ್‌ಲ್ಯಾಂಡ್, ಎಸ್ಟೋನಿಯಾ, ರಷ್ಯಾ ಮೂರೂ ಸೇರಿ ಫಿನ್‌ಲ್ಯಾಂಡ್ ಕೊಲ್ಲಿಯ ವರ್ಷ ಅಂತ ಆಚರಿಸಿದ್ದವು. 2005ರಲ್ಲಿ ಆ ನಗರದ ನೈಋತ್ಯ ಭಾಗದ ಶುದ್ಧೀಕರಣ ಘಟಕ ಶುರುವಾದದ್ದೂ ಬೇರೆ ದೇಶಗಳು ಕೈ ಜೋಡಿಸಿದ್ದರಿಂದ. ಶೀತಲ ಸಮರವನ್ನು ದಾಟಿ ಬಂದ ಒಡನಾಟ ಇದು. ಯುದ್ಧ ತಪ್ಪು, ಆ ನಿಲುವಿನಲ್ಲಿ ನನಗೆ ಅನುಮಾನವಿಲ್ಲ. ಆದರೆ ನಕ್ಷೆಯಲ್ಲಿ ಪೂರ್ವದ ಆ ಮೂಲೆ ನೋಡುವಾಗ ಸಂಕಟವಾಗುತ್ತದೆ. ನೀರು ಗಡಿಯಲ್ಲಿ ನಿಲ್ಲುವುದಿಲ್ಲ.

ಇಷ್ಟೆಲ್ಲ ಮಾಡಿ ಏನಾದರೂ ಆಯಿತಾ ಅಂತ ಕೇಳುವವರಿಗೆ ನಾನು ಬಿಳಿಬಾಲದ ಹದ್ದನ್ನು ತೋರಿಸುತ್ತೇನೆ. ಡಿಡಿಟಿ, ಪಿಸಿಬಿ ವಿಷಗಳಿಂದ ಅವುಗಳ ಮೊಟ್ಟೆ ಒಡೆಯುತ್ತಿತ್ತು, ಮರಿ ಹುಟ್ಟುತ್ತಿರಲಿಲ್ಲ. ನಿಷೇಧ ಬಂದ ಮೇಲೆ ನಿಧಾನಕ್ಕೆ ಚೇತರಿಸಿಕೊಂಡವು. ಬೂದು ಸೀಲ್‌ಗಳೂ ಹಾಗೆಯೇ. ಗೊಬ್ಬರದ ವಿಷಯದಲ್ಲಿ ಗೆಲುವು ಅಷ್ಟು ಬೇಗ ಕಾಣುತ್ತಿಲ್ಲ. 1980ರ ದಶಕಕ್ಕೆ ಹೋಲಿಸಿದರೆ ಸಮುದ್ರಕ್ಕೆ ಬರುವ ನೈಟ್ರೋಜನ್, ಫಾಸ್ಫರಸ್ ಎರಡೂ ಇಳಿದಿವೆ. ಆದರೂ 2016ರಿಂದ 2021ರ ಅಂಕಿ ಹಿಡಿದು 2023ರಲ್ಲಿ ಬಂದ ಒಟ್ಟು ಮೌಲ್ಯಮಾಪನದಲ್ಲಿ ಸಮುದ್ರದ ಶೇ. 90ಕ್ಕಿಂತ ಜಾಸ್ತಿ ಭಾಗ ಇನ್ನೂ ಸರಿಯಿಲ್ಲ. 2007ರಲ್ಲಿ ಕ್ರಾಕೋವ್‌ನಲ್ಲಿ ಒಪ್ಪಿದ ಕಾರ್ಯಯೋಜನೆ 2021ರ ಹೊತ್ತಿಗೆ ಒಳ್ಳೆಯ ಸ್ಥಿತಿ ತರಬೇಕಿತ್ತು. ಆಗಲಿಲ್ಲ. ಅದೇ 2021ರಲ್ಲಿ ಲ್ಯೂಬೆಕ್‌ನಲ್ಲಿ 199 ಕ್ರಮಗಳೊಂದಿಗೆ ಅದನ್ನು ಹೊಸದಾಗಿ ಬರೆದರು. ಈ ಸಲ ಗೊಬ್ಬರದ ಬಳಕೆಯ ಮೇಲೆ ದೇಶಗಳು ನಿಜಕ್ಕೂ ಹಿಡಿತ ಸಾಧಿಸಬೇಕು. ಸಮುದ್ರದ ನೆನಪು 30 ವರ್ಷದ್ದು, ಕಾಯುವ ಸಮಯ ನಮಗಿಲ್ಲ.

ಈ ಅಳತೆಗಳನ್ನು ನೋಡಲು ವಿಜ್ಞಾನಿಯಾಗಿರಬೇಕಿಲ್ಲ. ಐಸಿಇಎಸ್ ದತ್ತಾಂಶ ಕೇಂದ್ರದಿಂದ ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ವಿದ್ಯಾರ್ಥಿಗಳು ಕೇಳಿದರೆ ನಾನು ಮೊದಲು ಗೊಟ್ಲಾಂಡ್ ಆಳವನ್ನೇ ಆರಿಸಲು ಹೇಳುತ್ತೇನೆ. 200 ಮೀಟರಿಗಿಂತ ಕೆಳಗಿನ ಸಾಲುಗಳನ್ನು ವರ್ಷದ ಪ್ರಕಾರ ಜೋಡಿಸಿ, ಆಮ್ಲಜನಕ ಮತ್ತು ಸಲ್ಫೈಡ್ ಎರಡನ್ನೂ ಒಂದೇ ರೇಖಾಚಿತ್ರದಲ್ಲಿ ಬರೆಯಿರಿ, ಸಲ್ಫೈಡನ್ನು ಋಣ ಆಮ್ಲಜನಕವಾಗಿ. ಸೊನ್ನೆಯ ಗೀರು ಹಾಕುವುದನ್ನು ಮರೆಯಬೇಡಿ. 2015ರಲ್ಲಿ ರೇಖೆ ಆ ಗೀರನ್ನು ದಾಟಿ ಮೇಲೆ ಬರುವುದು ನಿಮಗೇ ಕಾಣುತ್ತದೆ.